ಚಳಿಗೆ ಹದವಾದ ಗಿಡಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಮ ಬಿದ್ದು ನೆಲ ಹೆಪ್ಪುಗಟ್ಟುವ ಪ್ರದೇಶಗಳಲ್ಲಿ ಹೂದೋಟ ಮಾಡುವ ಓದುಗರ ಪತ್ರಗಳಲ್ಲಿ ‘ಚಳಿಗೆ ಗಿಡ ಸತ್ತಿತು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಪತ್ರವನ್ನು ಕೊನೆಯವರೆಗೆ ಓದಿದರೆ ಚಳಿಯ ಜೊತೆಗೆ ಇನ್ನೊಬ್ಬ ಅಪರಾಧಿಯೂ ಸಿಕ್ಕಿಬೀಳುವುದುಂಟು: ಒಣಗಿದ ಬೇರು, ಇಲ್ಲವೇ ನೀರು ನಿಂತ ಬೇರು, ಹೊತ್ತು ಮೀರಿ ಹಾಕಿದ ಗೊಬ್ಬರ, ಅವಸರದ ಕತ್ತರಿ. ಈ ಸಂಚಿಕೆಗೆ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾವಿರುವುದು ನಾಲ್ಕನೇ ಚಳಿವಲಯದಲ್ಲಿ. ಗಿಡಕ್ಕೆ ಕಟ್ಟಿದ ಚೀಟಿಯಲ್ಲಿ ‘ವಲಯ 4’ ಎಂದು ಬರೆದಿರುವುದನ್ನು ನೋಡಿಯೇ ಒಂದೇ ಜಾತಿಯ ಎರಡು ಪೊದೆಗಿಡಗಳನ್ನು ತಂದು ನೆಟ್ಟೆ. ಒಂದು ಮೊದಲ ಚಳಿಗಾಲದಲ್ಲೇ ಸತ್ತಿತು. ಅದರಿಂದ ಹತ್ತು ಹೆಜ್ಜೆ ಆಚೆಗಿರುವ ಇನ್ನೊಂದು ಸೊಂಪಾಗಿದೆ. ಹಾಗಾದರೆ ಚೀಟಿಯನ್ನು ನಂಬಬಾರದೇ?

ಉತ್ತರ: ನಂಬಬಹುದು, ಆದರೆ ಅದು ಎಷ್ಟು ಹೇಳುತ್ತದೆಯೋ ಅಷ್ಟನ್ನು ಮಾತ್ರ. ಚೀಟಿಯ ಸಂಖ್ಯೆ ಬರುವುದು ಅಮೆರಿಕದ ಕೃಷಿ ಇಲಾಖೆಯ ಚಳಿವಲಯ ನಕ್ಷೆಯಿಂದ. ಅದರಲ್ಲಿ 13 ವಲಯಗಳಿವೆ, ಸಂಖ್ಯೆ ಕಿರಿದಾದಷ್ಟೂ ಚಳಿ ಹೆಚ್ಚು. ಒಂದೊಂದು ವಲಯವೂ 10 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಅಗಲ. ಅದನ್ನು ಮತ್ತೆ ‘ಎ’ ಮತ್ತು ‘ಬಿ’ ಎಂದು ಅರ್ಧರ್ಧ ಮಾಡಿದ್ದಾರೆ. ನಾಲ್ಕನೇ ವಲಯವೆಂದರೆ ವರ್ಷದ ಅತ್ಯಂತ ಚಳಿಯ ರಾತ್ರಿಯ ಉಷ್ಣತೆ ಸರಾಸರಿಯಲ್ಲಿ ಮೈನಸ್ 34ರಿಂದ ಮೈನಸ್ 29 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುವ ಪ್ರದೇಶ. 2023ರಲ್ಲಿ ಪ್ರಕಟವಾದ ನಕ್ಷೆಗೆ 1991ರಿಂದ 2020ರವರೆಗಿನ ಅಂಕಿಅಂಶಗಳೇ ಆಧಾರ. ಇಲ್ಲಿ ‘ಸರಾಸರಿ’ ಎಂಬ ಪದದ ಮೇಲೆ ಬೆರಳಿಟ್ಟು ಓದಬೇಕು. ಮೂವತ್ತು ವರ್ಷಗಳ ಸರಾಸರಿಯೆಂದ ಮೇಲೆ ಅದಕ್ಕಿಂತ ಹೆಚ್ಚು ಚಳಿ ಬಿದ್ದ ವರ್ಷಗಳೂ ಅದರೊಳಗೆ ಸಾಕಷ್ಟು ಇರುತ್ತವೆ. ನಿಮ್ಮ ಗಿಡ ಎದುರಿಸಬೇಕಾದದ್ದು ಸರಾಸರಿಯನ್ನಲ್ಲ, ಆ ವರ್ಷಗಳನ್ನು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯದು ಬೇರೆಯೇ ಅಳತೆ. ಅದರ ಎಚ್7 ಎಂಬ ಕೊನೆಯ ದರ್ಜೆ ಮೈನಸ್ 20ಕ್ಕಿಂತ ಕೆಳಗೂ ಬಾಳುವ ಗಿಡಗಳಿಗೆ ಮೀಸಲು. ಎರಡು ಚೀಟಿಗಳ ಸಂಖ್ಯೆಗಳನ್ನು ಒಂದರೊಡನೊಂದು ಬೆರೆಸಿ ಓದಬಾರದು.

ಸಂಖ್ಯೆ ಹೇಳದೆ ಬಿಡುವ ಮಾತು ಇದಕ್ಕಿಂತ ದೊಡ್ಡದು. ಚಳಿ ತಾಳುವ ಶಕ್ತಿ ಗಿಡದಲ್ಲಿ ವರ್ಷವಿಡೀ ಒಂದೇ ಸಮನಾಗಿ ಇರುವುದಿಲ್ಲ. ಗಿಡ ಅದನ್ನು ಪ್ರತಿ ಶರತ್ಕಾಲದಲ್ಲೂ ಹೊಸದಾಗಿ ಕಟ್ಟಿಕೊಳ್ಳಬೇಕು. ಹಗಲು ಕಿರಿದಾಗುತ್ತಿದ್ದಂತೆ ಎಲೆಗಳು ಅದನ್ನು ಅಳೆದು ಬೆಳವಣಿಗೆ ನಿಲ್ಲಿಸುವ ಸೂಚನೆ ಕಳಿಸುತ್ತವೆ, ತೊಗಟೆ ಗಟ್ಟಿಯಾಗುತ್ತದೆ, ಜೀವಕೋಶಗಳಲ್ಲಿ ಸಕ್ಕರೆಯ ಅಂಶ ಏರುತ್ತದೆ. ಆಮೇಲೆ ಬರುವ ಮೊದಮೊದಲ ಹೆಪ್ಪುಗಟ್ಟುವ ರಾತ್ರಿಗಳು ಈ ಹದವನ್ನು ಪೂರ್ತಿ ಮಾಡುತ್ತವೆ. ಹದಗೊಂಡ ಗಿಡದಲ್ಲಿ ಮಂಜುಗಡ್ಡೆ ಮೊದಲು ಕಟ್ಟುವುದು ಕೋಶಗಳ ನಡುವಿನ ಸಂದುಗಳಲ್ಲಿ. ಕೋಶದೊಳಗಿನ ನೀರು ಮೆಲ್ಲಗೆ ಹೊರಗೆ ಸೆಳೆಯಲ್ಪಟ್ಟು, ಉಳಿದ ರಸ ಇನ್ನಷ್ಟು ಮಂದವಾಗಿ, ಗಡ್ಡೆಯಾಗದೆ ಉಳಿಯುತ್ತದೆ. ಕೆಂಪು ಕಾಂಡದ ಡಾಗ್‌ವುಡ್ ಎಂಬ ಪೊದೆ ಬೇಸಿಗೆಯಲ್ಲಿ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿಳಿದರೆ ಸಾಯುತ್ತದೆ. ಅದರ ಕಡ್ಡಿಗಳೇ ನಡು ಚಳಿಗಾಲದಲ್ಲಿ ಪೂರ್ತಿ ಹದಗೊಂಡಾಗ, ಪ್ರಯೋಗಾಲಯದಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿದರೂ ಬದುಕಿ ಉಳಿದಿವೆ. ಗಿಡ ಅದೇ, ಋತು ಬೇರೆ.

ಆದ್ದರಿಂದ ನಿಮ್ಮನ್ನು ನಾನು ಕೇಳಬೇಕಾದದ್ದು ಇಷ್ಟು. ಸತ್ತ ಗಿಡಕ್ಕೆ ಬೇಸಿಗೆಯ ಕೊನೆಯಲ್ಲಿ ಸಾರಜನಕದ ಗೊಬ್ಬರ ಹಾಕಿದ್ದಿರಾ? ಹಾಕಿದ್ದರೆ ಎಳೆ ಚಿಗುರು ಬಂದು, ಹದಗೊಳ್ಳಲು ಹೊತ್ತಿಲ್ಲದೆ ಚಳಿಗೆ ಸಿಕ್ಕಿರುತ್ತದೆ. ಮೊದಲ ಫ್ರಾಸ್ಟ್‌ಗೆ, ಎಂದರೆ ಇಬ್ಬನಿ ಹೆಪ್ಪುಗಟ್ಟುವ ಮೊದಲ ರಾತ್ರಿಗೆ, ಆರರಿಂದ ಎಂಟು ವಾರ ಮೊದಲೇ ಇಂಥ ಗೊಬ್ಬರವನ್ನು ನಿಲ್ಲಿಸಬೇಕು. ಸತ್ತ ಗಿಡ ಇದ್ದದ್ದು ಇಳಿಜಾರಿನ ಬುಡದಲ್ಲೋ, ಗಾಳಿ ಆಚೆ ಹೋಗದಂತೆ ತಡೆದಿರುವ ಬೇಲಿಯ ಮಗ್ಗುಲಲ್ಲೋ? ತಂಪು ಗಾಳಿ ನೀರಿನಂತೆ ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಹತ್ತು ಹೆಜ್ಜೆಯ ಅಂತರದಲ್ಲಿ ಎರಡು ಮೂರು ಡಿಗ್ರಿ ವ್ಯತ್ಯಾಸ ಬರುವುದು ಅಪರೂಪವೇನಲ್ಲ. ಬಿಸಿಲು ಬಡಿಯುವ ಗೋಡೆಯ ಮುಂದಿನ ಜಾಗ ಬೆಚ್ಚಗಿದೆ ಎಂದು ಬೇಗ ಹೂಬಿಡುವ ಪೊದೆಯನ್ನು ಅಲ್ಲಿ ನೆಡುವವರುಂಟು. ಆ ಬೆಚ್ಚನೆಗೆ ಮೋಸಹೋದ ಮೊಗ್ಗು ವಾರ ಮೊದಲೇ ಕಣ್ಣು ಬಿಟ್ಟು ವಸಂತದ ಫ್ರಾಸ್ಟ್‌ಗೆ ಕರಟಿಹೋಗುತ್ತದೆ. ಅಂಥ ಗಿಡಕ್ಕೆ ನೆರಳು ಬೀಳುವ ತಣ್ಣನೆಯ ಮಗ್ಗುಲೇ ಮೇಲು.

ಪ್ರಶ್ನೆ: ನನ್ನ ಹೈಡ್ರೇಂಜಿಯ ಪ್ರತಿ ವರ್ಷವೂ ಬುಡದಿಂದ ಸೊಂಪಾಗಿ ಚಿಗುರುತ್ತದೆ, ಎಲೆಗೇನೂ ಕೊರತೆಯಿಲ್ಲ. ಮೂರು ವರ್ಷಗಳಿಂದ ಒಂದು ಹೂವನ್ನೂ ಕಂಡಿಲ್ಲ. ಗೊಬ್ಬರ ಹೆಚ್ಚಿಸಲೇ?

ಉತ್ತರ: ದಯವಿಟ್ಟು ಹೆಚ್ಚಿಸಬೇಡಿ. ನಿಮ್ಮಲ್ಲಿರುವುದು ದೊಡ್ಡೆಲೆಯ ಹೈಡ್ರೇಂಜಿಯ ಮ್ಯಾಕ್ರೊಫಿಲ್ಲ ಎಂದು ತೋರುತ್ತದೆ. ಅದು ಮುಂದಿನ ವರ್ಷದ ಹೂಮೊಗ್ಗನ್ನು ಈ ವರ್ಷದ ಕಡ್ಡಿಯ ಮೇಲೆ ಬೇಸಿಗೆಯ ಕೊನೆಗೇ ಕಟ್ಟಿಟ್ಟುಕೊಳ್ಳುತ್ತದೆ. ಬೇರು ಚಳಿಯನ್ನು ಗೆದ್ದರೂ ನೆಲದ ಮೇಲಿನ ಕಡ್ಡಿ, ಅದರೊಡನೆ ಮೊಗ್ಗು, ಸಾಯುತ್ತದೆ. ಬುಡದಿಂದ ಏಳುವ ಹೊಸ ಕಡ್ಡಿಗೆ ಎಲೆ ಬಿಡುವಷ್ಟೇ ಯೋಗ. ಗಿಡ ಬದುಕುವುದೂ ಹೂಮೊಗ್ಗು ಬದುಕುವುದೂ ಎರಡು ಬೇರೆ ಲೆಕ್ಕಗಳು, ಚೀಟಿಯ ಸಂಖ್ಯೆ ಹೆಚ್ಚಾಗಿ ಮೊದಲನೆಯದನ್ನೇ ಹೇಳುತ್ತದೆ. ಈ ಒಂದು ವಿಷಯ ತಿಳಿದಿದ್ದರೆ ಅರ್ಧದಷ್ಟು ನಿರಾಸೆ ತಪ್ಪುತ್ತದೆ.

ಗಿಡವನ್ನು ಉಳಿಸಿಕೊಳ್ಳಬೇಕೆಂದಿದ್ದರೆ ಸುತ್ತ ತಂತಿಬಲೆಯ ಪಂಜರ ನಿಲ್ಲಿಸಿ, ನೆಲ ಹೆಪ್ಪುಗಟ್ಟುವ ಹೊತ್ತಿಗೆ ಅದರೊಳಗೆ ತರಗೆಲೆಗಳನ್ನು ಕಡ್ಡಿಯ ತುದಿ ಮುಚ್ಚುವಷ್ಟು ತುಂಬಬಹುದು. ಆದರೆ ಕಡು ಚಳಿಯ ವರ್ಷದಲ್ಲಿ ಇದೂ ಸೋಲುತ್ತದೆ. ನನ್ನ ಸಲಹೆ ಜಾತಿಯನ್ನೇ ಬದಲಿಸುವುದು. ಹೈಡ್ರೇಂಜಿಯ ಪ್ಯಾನಿಕ್ಯುಲೇಟ ಮತ್ತು ಹೈಡ್ರೇಂಜಿಯ ಆರ್ಬರೆಸೆನ್ಸ್ ಎರಡೂ ಅದೇ ವರ್ಷದ ಹೊಸ ಕಡ್ಡಿಯಲ್ಲಿ ಹೂ ಬಿಡುತ್ತವೆ, ಮೂರನೇ ವಲಯದಲ್ಲೂ ಬಾಳುತ್ತವೆ. ಎರಡನೆಯದರ ‘ಅನಬೆಲ್’ ಎಂಬ ಬಿಳಿಯ ತಳಿಯನ್ನು ವಸಂತದ ಆರಂಭದಲ್ಲಿ ಮೊಣಕಾಲುದ್ದಕ್ಕೆ ಸವರಿದರೂ ಬೇಸಿಗೆಗೆ ದೊಡ್ಡ ದೊಡ್ಡ ಗೊಂಚಲು ತುಂಬಿಕೊಳ್ಳುತ್ತದೆ. ನೀಲಿ ಬಣ್ಣವೇ ಬೇಕೆನ್ನುವವರಿಗೆ 2004ರಲ್ಲಿ ಮಾರುಕಟ್ಟೆಗೆ ಬಂದ ‘ಎಂಡ್‌ಲೆಸ್ ಸಮ್ಮರ್’ ಇದೆ. ಅದು ಹಳೆಯ ಕಡ್ಡಿ, ಹೊಸ ಕಡ್ಡಿ ಎರಡರಲ್ಲೂ ಹೂ ಬಿಡಬಲ್ಲದು. ಆದರೆ ಬೇಸಿಗೆ ಕಿರಿದಾದ ಕಡೆ ಹೊಸ ಕಡ್ಡಿಯ ಹೂ ಅರಳುವಷ್ಟರಲ್ಲೇ ಚಳಿ ತಿರುಗಿ ಬಂದಿರುತ್ತದೆ, ಆಸೆಯನ್ನು ಅಳತೆಯಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಹಿಂದಿನ ಶರತ್ಕಾಲದ ಕೊನೆಯಲ್ಲಿ ನೆಟ್ಟ ಆರು ಹ್ಯೂಕೆರ ಗಿಡಗಳು ವಸಂತದಲ್ಲಿ ನೋಡಿದಾಗ ಯಾರೋ ಕಿತ್ತಿಟ್ಟಂತೆ ಮಣ್ಣಿನ ಮೇಲೆ ಬಿದ್ದಿದ್ದವು. ಹೊದಿಕೆ ಹಾಕಬೇಕಿತ್ತೇ? ಯಾವಾಗ?

ಉತ್ತರ: ಕಿತ್ತಿಟ್ಟದ್ದು ನೆಲವೇ. ತೇವದ ಮಣ್ಣು ಮೇಲಿನಿಂದ ಹೆಪ್ಪುಗಟ್ಟುತ್ತಾ ಹೋದಾಗ ಕೆಳಗಿನ ನೀರು ಆ ಗಡ್ಡೆಯ ಕಡೆಗೆ ಏರುತ್ತದೆ, ಅಲ್ಲಿ ಪದರ ಪದರವಾಗಿ ಮಂಜುಗಡ್ಡೆ ಕಟ್ಟಿ ಮೇಲಿನ ಮಣ್ಣನ್ನು ಎತ್ತುತ್ತದೆ. ಮಣ್ಣಿನೊಡನೆ ಗಿಡವೂ ಏಳುತ್ತದೆ. ಹಗಲು ಬಿಸಿಲಿಗೆ ಗಡ್ಡೆ ಕರಗಿದಾಗ ಮಣ್ಣು ಕೆಳಗೆ ಕೂರುತ್ತದೆ, ಗಿಡ ಮಾತ್ರ ಎದ್ದಲ್ಲೇ ಉಳಿಯುತ್ತದೆ. ಹೀಗೆ ಹತ್ತು ಹದಿನೈದು ಸಲ ಆದರೆ ಬುಡ ಬೆರಳುದ್ದ ಮೇಲೆ ಬಂದು, ಕಂದು ದಾರದ ಉಂಡೆಯಂಥ ಬೇರು ಗಾಳಿಗೆ ತೆರೆದುಕೊಳ್ಳುತ್ತದೆ. ಬೇರು ಆಳಕ್ಕಿಳಿಯದ ಹ್ಯೂಕೆರಕ್ಕೆ, ಆಗಷ್ಟೇ ನೆಟ್ಟ ಯಾವುದೇ ಸಣ್ಣ ಗಿಡಕ್ಕೆ, ಈ ಅಪಾಯ ಹೆಚ್ಚು. ಆದ್ದರಿಂದ ನೆಡುವ ಕೆಲಸ ನೆಲ ಹೆಪ್ಪುಗಟ್ಟುವುದಕ್ಕೆ ಕನಿಷ್ಠ ಆರು ವಾರ ಮೊದಲೇ ಮುಗಿದಿರಬೇಕು.

ಹೊದಿಕೆಯ ವಿಷಯದಲ್ಲಿ ಬಹಳ ಜನ ಉದ್ದೇಶವನ್ನೇ ತಲೆಕೆಳಗು ತಿಳಿದಿದ್ದಾರೆ. ಚಳಿಗಾಲದ ಹೊದಿಕೆ ನೆಲವನ್ನು ಬೆಚ್ಚಗಿಡಲೆಂದು ಹಾಕುವುದಲ್ಲ, ಒಮ್ಮೆ ತಣ್ಣಗಾದ ನೆಲ ತಣ್ಣಗೇ ಉಳಿಯಲಿ, ಕರಗುವುದು ಗಟ್ಟಿಯಾಗುವುದು ಎಂಬ ಆಟ ನಿಲ್ಲಲಿ ಎಂದು. ಹಾಗಾಗಿ ಮೇಲ್ಮಣ್ಣು ಒಂದೆರಡು ಅಂಗುಲ ಗಟ್ಟಿಯಾದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ನೆಲ ಬೆಚ್ಚಗೇ ಉಳಿದು ಗಿಡ ಹದಗೊಳ್ಳುವುದು ತಡವಾಗುತ್ತದೆ, ಇಲಿಗಳೂ ಅದರೊಳಗೆ ಮನೆ ಮಾಡುತ್ತವೆ. ಒಣಹುಲ್ಲು, ಪೈನ್ ಮರದ ಸೂಜಿಎಲೆ, ಕತ್ತರಿಸಿದ ಫರ್ ಕೊಂಬೆ, ಇವು ಗಾಳಿಯಾಡುವಂತೆ ಸಡಿಲವಾಗಿರುತ್ತವೆ. 10ರಿಂದ 15 ಸೆಂ.ಮೀ. ಸಾಕು. ಒದ್ದೆಯಾದ ಅಗಲ ಎಲೆಗಳನ್ನು ಹಾಗೆಯೇ ಹರಡಿದರೆ ರಟ್ಟಿನಂತೆ ಅಂಟಿ ಬುಡವನ್ನು ಕೊಳೆಸುತ್ತವೆ. ಇವೆಲ್ಲಕ್ಕಿಂತ ಒಳ್ಳೆಯ ಹೊದಿಕೆ ಹಿಮ. ಅದರೊಳಗೆ ಸಿಕ್ಕಿಕೊಂಡ ಗಾಳಿಯ ಕಾರಣದಿಂದ, ಒಂದಡಿ ಹಿಮದ ಕೆಳಗಿನ ನೆಲ ಮೇಲಿನ ಗಾಳಿ ಮೈನಸ್ 25ಕ್ಕೆ ಇಳಿದಾಗಲೂ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಕಾಲುದಾರಿಯಿಂದ ಬಾಚಿದ ಹಿಮವನ್ನು ಪಾತಿಯ ಮೇಲೆ ಹಾಕಬಹುದು, ಅದರಲ್ಲಿ ಉಪ್ಪು ಬೆರೆತಿರಬಾರದು ಅಷ್ಟೆ. ಬಹುವಾರ್ಷಿಕಗಳ ಒಣಗಿದ ಕಡ್ಡಿಗಳನ್ನು ಶರತ್ಕಾಲದಲ್ಲಿ ಕತ್ತರಿಸದೆ ಬಿಡಿ ಎಂದು ಹೇಳುವುದಕ್ಕೂ ಒಂದು ಕಾರಣ ಇದೇ, ಅವು ಹಿಮವನ್ನು ಹಿಡಿದು ನಿಲ್ಲಿಸುತ್ತವೆ.

ಎದ್ದ ಗಿಡಗಳು ಪೂರ್ತಿ ಒಣಗಿಲ್ಲದಿದ್ದರೆ, ಮಣ್ಣು ಮೆತ್ತಗಾದ ದಿನ ಅಂಗೈಯಿಂದ ಮೃದುವಾಗಿ ಒತ್ತಿ, ಬೇರಿನ ಮೇಲೆ ಕಾಂಪೋಸ್ಟ್ ಮುಚ್ಚಿ, ನೀರು ಕೊಡಿ. ಕಾಲಿನಿಂದ ತುಳಿಯಬೇಡಿ; ಬೇರು ಕತ್ತರಿಸಿಹೋಗುತ್ತದೆ.

ಪ್ರಶ್ನೆ: ಚಳಿ ಹೆಚ್ಚಾದ ಬೆಳಿಗ್ಗೆ ನಮ್ಮ ರೋಡೋಡೆಂಡ್ರಾನ್‌ನ ಎಲೆಗಳೆಲ್ಲ ಕೊಳವೆಯಂತೆ ಸುರುಳಿಯಾಗಿ ಜೋತುಬೀಳುತ್ತವೆ. ಗಿಡ ಸಾಯುತ್ತಿದೆಯೇ? ಪಕ್ಕದ ಥೂಜಾ ಬೇಲಿ ವಸಂತದ ಹೊತ್ತಿಗೆ ಒಂದೇ ಮಗ್ಗುಲಲ್ಲಿ ಕಂದಾಗುವುದೇಕೆ?

ಉತ್ತರ: ಮೊದಲನೆಯದು ರೋಗವಲ್ಲ, ಗಿಡದ ಜಾಣತನ. ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತಾ ಹೋದಂತೆ ಹಲವು ಜಾತಿಯ ರೋಡೋಡೆಂಡ್ರಾನ್‌ಗಳ ಎಲೆ ಮೊದಲು ಬಾಗುತ್ತದೆ, ಆಮೇಲೆ ಎರಡು ಅಂಚುಗಳೂ ಒಳಕ್ಕೆ ಸುತ್ತಿಕೊಂಡು ಕಡೆಗೆ ಪೆನ್ಸಿಲ್ಲಿನಷ್ಟು ಸಣ್ಣಗಾಗುತ್ತದೆ. ಹಾಗೆ ತೂಗುವ ಎಲೆಗೆ ಚಳಿಗಾಲದ ಬಿಸಿಲು ನೇರವಾಗಿ ತಾಗುವುದು ಕಡಿಮೆ. ಬಿಸಿಲೇರಿ ಗಾಳಿ ಬೆಚ್ಚಗಾದಾಗ ಎಲೆಗಳು ಮತ್ತೆ ಚಪ್ಪಟೆಯಾಗುತ್ತವೆ. ಇದನ್ನು ನೋಡುತ್ತಾ ಅಭ್ಯಾಸವಾದವರು ಕಿಟಕಿಯಿಂದಲೇ ಹೊರಗಿನ ಚಳಿಯನ್ನು ಅಂದಾಜು ಮಾಡುತ್ತಾರೆ. ಬೆಚ್ಚನೆಯ ಮಧ್ಯಾಹ್ನವೂ ಸುರುಳಿ ಬಿಚ್ಚದಿದ್ದರೆ ಮಾತ್ರ ಬೇರಿಗೆ ನೀರು ಸಿಗುತ್ತಿಲ್ಲವೆಂದು ಅನುಮಾನಿಸಬೇಕು.

ಥೂಜಾದ ಕಥೆ ಬಾಯಾರಿಕೆಯದು. ನಿತ್ಯಹರಿದ್ವರ್ಣದ ಗಿಡ ಚಳಿಗಾಲದಲ್ಲೂ ಎಲೆಯಿಂದ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ, ಚಳಿಗಾಲದ ಕೊನೆಯ ಬಿಸಿಲೂ ಗಾಳಿಯೂ ಸೇರಿದಾಗ ಇನ್ನಷ್ಟು. ಬೇರೋ ಕಲ್ಲಾದ ನೆಲದಲ್ಲಿ ಸಿಕ್ಕಿಬಿದ್ದಿದೆ, ಖರ್ಚಿದೆ, ಆದಾಯವಿಲ್ಲ. ಆದ್ದರಿಂದ ಬಿಸಿಲಿಗೂ ಗಾಳಿಗೂ ಮುಖ ಮಾಡಿದ ಮಗ್ಗುಲು ಮೊದಲು ಕಂದಾಗುತ್ತದೆ. ರಸ್ತೆಯ ಕಡೆಯ ಮಗ್ಗುಲಾಗಿದ್ದರೆ ಹಿಮ ಕರಗಿಸಲು ಚೆಲ್ಲಿದ ಉಪ್ಪು ಸಿಡಿದಿರುವ ಸಾಧ್ಯತೆಯೂ ಇದೆ. ಪರಿಹಾರ ಚಳಿಗಾಲದಲ್ಲಿಲ್ಲ, ಅದರ ಹಿಂದಿನ ತಿಂಗಳುಗಳಲ್ಲಿದೆ: ಮಳೆ ಕಡಿಮೆಯಾದ ಶರತ್ಕಾಲದಲ್ಲಿ ನೆಲ ಹೆಪ್ಪುಗಟ್ಟುವವರೆಗೂ ವಾರಕ್ಕೊಮ್ಮೆ ಬೇರಿನ ಆಳಕ್ಕೆ ಇಳಿಯುವಂತೆ ನೀರು ಕೊಡಿ. ಗಾಳಿ ಬರುವ ದಿಕ್ಕಿನಲ್ಲಿ ಗೂಟ ನೆಟ್ಟು ಗೋಣಿತಟ್ಟಿನ ಪರದೆ ಕಟ್ಟಿ, ಆದರೆ ಅದು ಎಲೆಗೆ ತಾಗದಿರಲಿ. ಪ್ಲಾಸ್ಟಿಕ್ ಹಾಳೆಯಿಂದ ಸುತ್ತುವುದು ಬೇಡವೇ ಬೇಡ. ನಾನು ಒಮ್ಮೆ ಹಾಗೆ ಮಾಡಿ, ಬಿಸಿಲಿನ ದಿನ ಒಳಗೆ ಬೆಂದು ರಾತ್ರಿ ಹೆಪ್ಪುಗಟ್ಟಿದ ಒಂದು ಸ್ಪ್ರೂಸ್ ಸಸಿಯನ್ನು ಕಳೆದುಕೊಂಡಿದ್ದೇನೆ. ಕಂದಾದ ತುದಿಗಳನ್ನು ಕೂಡಲೇ ಕತ್ತರಿಸದೆ ಹೊಸ ಚಿಗುರು ಬರುವವರೆಗೆ ತಾಳಿ. ಎಲೆ ಒಣಗಿದ್ದರೂ ಮೊಗ್ಗು ಹಸಿರಾಗಿರಬಹುದು.

ಹೊಸದಾಗಿ ನೆಡುವವರು ರೋಡೋಡೆಂಡ್ರಾನ್ ಕುಲದವೇ ಆದ, ಎಲೆ ಉದುರಿಸುವ ಅಜೇಲಿಯಗಳನ್ನು ನೋಡಬಹುದು. ಮಿನ್ನೆಸೋಟ ವಿಶ್ವವಿದ್ಯಾಲಯ ಬೆಳೆಸಿದ ‘ನಾರ್ದರ್ನ್ ಲೈಟ್ಸ್’ ಸಾಲಿನ ಅಜೇಲಿಯಗಳ ಹೂಮೊಗ್ಗು ಮೈನಸ್ 34 ಡಿಗ್ರಿಯನ್ನೂ ತಾಳುತ್ತದೆ. ಎಲೆಯೇ ಇಲ್ಲದ ಮೇಲೆ ಚಳಿಗಾಲದಲ್ಲಿ ಒಣಗುವ ಭಯವೂ ಕಡಿಮೆ.

ಪ್ರಶ್ನೆ: ಗುಲಾಬಿಯಿಲ್ಲದ ತೋಟ ತೋಟವೇ ಅಲ್ಲ ಎಂದು ನಂಬಿದವಳು ನಾನು. ಮೈನಸ್ 30ಕ್ಕೆ ಇಳಿಯುವ ಚಳಿಯಲ್ಲಿ ಹೈಬ್ರಿಡ್ ಟೀ ಗುಲಾಬಿಗಳು ಒಂದೊಂದಾಗಿ ಹೋಗುತ್ತಿವೆ. ಒಂದು ಗಿಡವಂತೂ ಬದುಕಿದರೂ ಮರುವರ್ಷ ಬೇರೆಯೇ ಕೆಂಪು ಹೂ ಬಿಟ್ಟಿತು! ಏನು ಮಾಡಲಿ?

ಉತ್ತರ: ಬೇರೆ ಹೂ ಬಿಟ್ಟ ಗಿಡ ನಿಮ್ಮ ಗುಲಾಬಿಯಲ್ಲ, ಅದಕ್ಕೆ ಬೇರು ಕೊಟ್ಟಿದ್ದ ಕಾಡುಗುಲಾಬಿ. ಕಸಿ ಮಾಡಿದ ಗಂಟಿನ ಮೇಲಿನ ಭಾಗ ಚಳಿಗೆ ಸತ್ತಾಗ ಕೆಳಗಿನ ಬೇರುಗಿಡ ತಾನೇ ಚಿಗುರಿ ಮೇಲೆ ಬರುತ್ತದೆ. ಆದ್ದರಿಂದ ಚಳಿಪ್ರದೇಶದಲ್ಲಿ ಕಸಿಗಂಟು ಮಣ್ಣಿನಿಂದ 5ರಿಂದ 10 ಸೆಂ.ಮೀ. ಕೆಳಗಿರುವಂತೆ ನೆಡಬೇಕು. ಸ್ವಂತ ಬೇರಿನ ಗಿಡ ಸಿಕ್ಕಿದರೆ ಇನ್ನೂ ಒಳ್ಳೆಯದು, ಏಕೆಂದರೆ ಅದು ನೆಲಮಟ್ಟದವರೆಗೆ ಸತ್ತರೂ ಮತ್ತೆ ಚಿಗುರುವುದು ಅದೇ ಗುಲಾಬಿ.

ಹೈಬ್ರಿಡ್ ಟೀಯನ್ನು ಬಿಡಲಾರಿರಾದರೆ ದುಡಿಮೆಗೆ ಸಿದ್ಧರಾಗಿ. ಬೇಸಿಗೆಯ ಕೊನೆಯಿಂದ ಬಾಡಿದ ಹೂಗಳನ್ನು ಕೀಳದೆ ಕಾಯಿಕಟ್ಟಲು ಬಿಡಿ, ಗಿಡಕ್ಕೆ ಅದು ವಿಶ್ರಾಂತಿಯ ಸೂಚನೆ. ಕೆಲವು ಗಟ್ಟಿ ಫ್ರಾಸ್ಟ್‌ಗಳು ಕಳೆದ ಮೇಲೆ ಬೇರೆಡೆಯಿಂದ ತಂದ ಮಣ್ಣನ್ನೋ ಕಾಂಪೋಸ್ಟನ್ನೋ ಬುಡಕ್ಕೆ ಒಂದಡಿಯಷ್ಟು ಗುಡ್ಡೆ ಹಾಕಿ. ಗಿಡದ ಸುತ್ತಲಿನ ಮಣ್ಣನ್ನೇ ಎಳೆದುಕೊಂಡರೆ ಬೇರಿನ ಕಂಬಳಿಯನ್ನು ಕಿತ್ತು ತಲೆಗೆ ಹೊದಿಸಿದಂತಾಗುತ್ತದೆ. ಇದಕ್ಕೂ ಜಗ್ಗದ ಚಳಿಗೆ ಮಿನ್ನೆಸೋಟದ ತೋಟಗಾರರ ಒಂದು ಉಪಾಯವಿದೆ. ಗಿಡದ ಒಂದು ಮಗ್ಗುಲಿಗೆ ಅದರ ಎತ್ತರದಷ್ಟೇ ಉದ್ದದ ಕಾಲುವೆ ತೋಡುತ್ತಾರೆ, ಕಡ್ಡಿಗಳನ್ನು ಹಗ್ಗದಿಂದ ಸೇರಿಸಿ ಕಟ್ಟುತ್ತಾರೆ, ಎದುರು ಮಗ್ಗುಲ ಬೇರನ್ನು ಮುಳ್ಳುಗುದ್ದಲಿಯಿಂದ ಸಡಿಲಿಸಿ ಇಡೀ ಗಿಡವನ್ನು ಬುಡದಿಂದಲೇ ವಾಲಿಸಿ ಕಾಲುವೆಯೊಳಗೆ ಮಲಗಿಸುತ್ತಾರೆ. ಮೇಲೆ ಮಣ್ಣು, ಅದರ ಮೇಲೆ ತರಗೆಲೆ. ಬಗ್ಗಬೇಕಾದದ್ದು ಕಡ್ಡಿಯಲ್ಲ, ಬೇರಿನ ಬುಡ. ಇದನ್ನು ಮರೆತವರ ಕೈಯಲ್ಲಿ ಗಿಡ ಮುರಿದು ನಿಲ್ಲುತ್ತದೆ. ವಸಂತದಲ್ಲಿ ಎಬ್ಬಿಸಿ ನಿಲ್ಲಿಸಬೇಕು. ಹತ್ತು ಗಿಡಕ್ಕೆ ಇದನ್ನು ಮಾಡಿದವರು ಹನ್ನೊಂದನೆಯದನ್ನು ತರುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ಸುಲಭದ ದಾರಿ, ಚಳಿಗೆಂದೇ ಹುಟ್ಟಿದ ಗುಲಾಬಿಗಳು. ಕೆನಡಾದ ಕೃಷಿ ಇಲಾಖೆಯ ಫೆಲಿಸಿಟಾಸ್ ಸ್ವೇಡಾ ಎಂಬ ವಿಜ್ಞಾನಿ ಒಟ್ಟಾವದಲ್ಲಿ 1960ರ ದಶಕದಲ್ಲಿ ಆರಂಭಿಸಿದ ತಳಿ ಅಭಿವೃದ್ಧಿಯಿಂದ ‘ಎಕ್ಸ್‌ಪ್ಲೋರರ್’ ಸಾಲು ಬಂದಿತು. ದೇಶ ಶೋಧಿಸಿದವರ ಹೆಸರುಗಳನ್ನು ಅವಕ್ಕೆ ಇಟ್ಟಿದ್ದಾರೆ: ‘ಮಾರ್ಟಿನ್ ಫ್ರಾಬಿಷರ್’, ‘ಜಾನ್ ಕ್ಯಾಬಟ್’, ‘ವಿಲಿಯಂ ಬಾಫಿನ್’. ಕೊನೆಯದು ಆಳೆತ್ತರವನ್ನು ಮೀರಿ ಹಬ್ಬುತ್ತದೆ, ಕಡು ಗುಲಾಬಿ ಬಣ್ಣದ ಹೂಗಳನ್ನು ಗೊಂಚಲು ಗೊಂಚಲಾಗಿ ಬಿಡುತ್ತದೆ, ಮಣ್ಣಿನ ಗುಡ್ಡೆಯನ್ನು ಕೇಳುವುದಿಲ್ಲ. ಮನಿಟೋಬದ ಮಾರ್ಡನ್ ಕೇಂದ್ರದ ‘ಪಾರ್ಕ್‌ಲ್ಯಾಂಡ್’ ಗುಲಾಬಿಗಳು ಗಿಡ್ಡ. ಚಳಿಗೆ ಕಡ್ಡಿ ಸತ್ತರೂ ಬುಡದಿಂದ ಬಂದ ಹೊಸ ಕಡ್ಡಿಯಲ್ಲಿ ಅದೇ ಬೇಸಿಗೆಗೆ ಹೂ ಬಿಡುತ್ತವೆ. ಏಷ್ಯಾದ ಈಶಾನ್ಯ ಕರಾವಳಿಯ ರೋಸ ರುಗೋಸ ಚಳಿಗೂ ಉಪ್ಪಿಗೂ ಜಗ್ಗದ ಗಟ್ಟಿಗ. ಆದರೆ ಉತ್ತರ ಯುರೋಪಿನ ಸಮುದ್ರತೀರಗಳಲ್ಲಿ ಅದು ತೋಟದ ಬೇಲಿ ದಾಟಿ ಮರಳುದಿಬ್ಬಗಳನ್ನೇ ಆಕ್ರಮಿಸಿದೆ. ಅಂಥ ಕಡೆ ಇರುವವರು ಅದನ್ನು ತರಬಾರದು. ಇವು ಯಾವುವೂ ಹೈಬ್ರಿಡ್ ಟೀಯ ಉದ್ದ ಮೊಗ್ಗಿನ ಚೆಲುವನ್ನು ಕೊಡುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಪ್ರಶ್ನೆ: ಐದನೇ ವಲಯದ ಲ್ಯಾವೆಂಡರನ್ನು ಐದನೇ ವಲಯದಲ್ಲೇ ನೆಟ್ಟರೂ ಪ್ರತಿ ವಸಂತದಲ್ಲೂ ಬೂದುಬಣ್ಣದ ಕಡ್ಡಿಯಾಗಿ ಸಿಗುತ್ತದೆ. ಕಪ್ಪು ಜೇಡಿಮಣ್ಣು, ಗೊಬ್ಬರ ಚೆನ್ನಾಗಿ ಕೊಟ್ಟಿದ್ದೇನೆ.

ಉತ್ತರ: ಕೊನೆಯ ವಾಕ್ಯದಲ್ಲಿ ಉತ್ತರವಿದೆ. ಲ್ಯಾವೆಂಡರ್ ಕಲ್ಲುನೆಲದ ಗಿಡ. ಅದನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ಚಳಿಗಾಲದ ಒದ್ದೆ. ಜಲ್ಲಿ, ದಪ್ಪ ಮರಳು ಬೆರೆಸಿದ ಏರುಮಡಿಯಲ್ಲಿ ನೆಡಿ, ಬುಡಕ್ಕೆ ಎಲೆಗೊಬ್ಬರದ ಬದಲು ಸಣ್ಣ ಜಲ್ಲಿ ಹರಡಿ, ಶರತ್ಕಾಲದಲ್ಲಿ ಕತ್ತರಿ ಮುಟ್ಟಿಸಬೇಡಿ. ಬಂಡೆತೋಟದ ಹೆಚ್ಚಿನ ಎತ್ತರಪ್ರದೇಶದ ಗಿಡಗಳಿಗೂ ಇದೇ ಮಾತು.

ಪ್ರಶ್ನೆ: ಪಿಯೋನಿ ನೆಟ್ಟು ನಾಲ್ಕು ವರ್ಷವಾಯಿತು, ಎಲೆ ಮಾತ್ರ. ಬೇರು ಚಳಿಗೆ ಸಿಗಬಾರದೆಂದು ಒಂದು ಗೇಣು ಆಳಕ್ಕೆ ನೆಟ್ಟಿದ್ದೆ.

ಉತ್ತರ: ಅಕ್ಕರೆ ಹೆಚ್ಚಾಯಿತು. ಪಿಯೋನಿಗೆ ಚಳಿ ಶತ್ರುವಲ್ಲ, ಅಗತ್ಯ. ತಕ್ಕಷ್ಟು ವಾರಗಳ ತಣ್ಣನೆ ಸಿಗದಿದ್ದರೆ ಮೊಗ್ಗು ಏಳುವುದೇ ಇಲ್ಲ. ಗೆಡ್ಡೆಯ ತಲೆಯ ಮೇಲೆ ಬೆರಳ ತುದಿಯಷ್ಟಿರುವ ಕೆಂಪು ಛಾಯೆಯ ಮೊಳಕೆಗಳನ್ನು ‘ಕಣ್ಣು’ ಎನ್ನುತ್ತಾರೆ. ಆ ಕಣ್ಣುಗಳ ಮೇಲೆ 2.5ರಿಂದ 5 ಸೆಂ.ಮೀ. ಮಣ್ಣಿರಬೇಕು, ಹೆಚ್ಚಾದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಶರತ್ಕಾಲದ ಆರಂಭದಲ್ಲಿ ಗೆಡ್ಡೆಯನ್ನು ಮುರಿಯದಂತೆ ಎತ್ತಿ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ, ಕೋಲಿನಿಂದ ಅಳೆದು ಮರಳಿ ನೆಡಿ. ಮರಳಿ ನೆಟ್ಟ ಮೇಲೂ ಎರಡು ಮೂರು ವರ್ಷ ಮುನಿಸಿಕೊಂಡಿರುತ್ತದೆ. ಒಮ್ಮೆ ನೆಲೆ ನಿಂತ ಪಿಯೋನಿ ಐವತ್ತು ವರ್ಷ ಬಾಳಿದ ಉದಾಹರಣೆಗಳಿವೆ. ಬಹುವಾರ್ಷಿಕಗಳ ಕಡ್ಡಿಗಳನ್ನು ಬಿಡಿ ಎಂದು ಮೇಲೆ ಹೇಳಿದೆನಲ್ಲ, ಇದು ಅದಕ್ಕೆ ಹೊರತು. ಬೂಷ್ಟು ರೋಗ ಹಳೆಯ ಕಡ್ಡಿಯಲ್ಲಿ ಚಳಿಗಾಲ ಕಳೆಯುವುದರಿಂದ ಶರತ್ಕಾಲದಲ್ಲೇ ನೆಲಮಟ್ಟಕ್ಕೆ ಕತ್ತರಿಸಿ ತೋಟದಿಂದ ಆಚೆ ಹಾಕಿ.

ಪ್ರಶ್ನೆ: ಗಟ್ಟಿ ಜಾತಿಯ ಗಿಡಗಳನ್ನೇ ಕುಂಡದಲ್ಲಿ ಬೆಳೆದರೂ ಸಾಯುತ್ತವೆ. ನೆಲದಲ್ಲಿರುವ ಅವೇ ಗಿಡಗಳು ಬದುಕುತ್ತವೆ.

ಉತ್ತರ: ಬೇರು ಕಾಂಡದಷ್ಟು ಗಟ್ಟಿಯಲ್ಲ. ನೆಲದಲ್ಲಿ ಭೂಮಿ ಅದನ್ನು ಕಾಯುತ್ತದೆ, ಕುಂಡದಲ್ಲಿ ನಾಲ್ಕೂ ಕಡೆಯಿಂದ ಚಳಿ ನುಗ್ಗುತ್ತದೆ. ಕುಂಡಕ್ಕೆಂದರೆ ನಿಮ್ಮ ವಲಯಕ್ಕಿಂತ ಎರಡು ವಲಯ ಗಟ್ಟಿಯಾದ ಗಿಡವನ್ನು ಆರಿಸಿ. ಚಳಿಗಾಲಕ್ಕೆ ಕುಂಡವನ್ನು ಪಾತಿಯಲ್ಲಿ ಕಂಠದವರೆಗೆ ಹೂಳಿ, ಅಥವಾ ಬಿಸಿ ಇಲ್ಲದ, ಗಾಳಿ ಬೀಸದ ಕೊಟ್ಟಿಗೆಯಲ್ಲಿಟ್ಟು ಮಣ್ಣು ಪೂರ್ತಿ ಒಣಗದಂತೆ ಆಗಾಗ ಸ್ವಲ್ಪ ನೀರು ಕೊಡಿ. ಬೆಚ್ಚನೆಯ ಕೋಣೆಗೆ ತರಬೇಡಿ.

ಪ್ರಶ್ನೆ: ಐದು ತಿಂಗಳು ತೋಟ ಬಿಳಿ, ಬೂದು ಎರಡೇ ಬಣ್ಣ. ಕಣ್ಣಿಗೆ ಹಿತವಾಗುವಂಥದ್ದೇನಾದರೂ ಇದೆಯೇ? ವಿಂಟರ್‌ಬೆರಿ ತಂದೆ, ಒಂದು ಹಣ್ಣೂ ಬಿಡಲಿಲ್ಲ.

ಉತ್ತರ: ವಿಂಟರ್‌ಬೆರಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹಣ್ಣು ಹೆಣ್ಣಿನಲ್ಲಿ, ಅದೂ ಹತ್ತಿರದಲ್ಲಿ ಅದೇ ಹೊತ್ತಿಗೆ ಹೂ ಬಿಡುವ ಗಂಡಿದ್ದರೆ ಮಾತ್ರ. ‘ರೆಡ್ ಸ್ಪ್ರೈಟ್’ ಎಂಬ ಹೆಣ್ಣಿಗೆ ‘ಜಿಮ್ ಡ್ಯಾಂಡಿ’, ‘ವಿಂಟರ್ ರೆಡ್’ಗೆ ‘ಸದರ್ನ್ ಜೆಂಟಲ್‌ಮನ್’ ಹೊಂದುತ್ತದೆ. ಹಲವು ಹೆಣ್ಣುಗಿಡಗಳಿಗೆ ಒಂದೇ ಗಂಡು ಸಾಕು, ಅದನ್ನು ಹಿಂದಿನ ಮೂಲೆಯಲ್ಲಿ ನೆಡಬಹುದು. ಎಲೆ ಉದುರಿದ ಬರಿಗೊಂಬೆಗೆ ಅಂಟಿಕೊಂಡ ಕೆಂಪು ಹಣ್ಣುಗಳು ಹಿಮದ ಮೇಲೆ ಎದ್ದು ಕಾಣುತ್ತವೆ. ಹಕ್ಕಿಗಳ ಕಣ್ಣಿಗೂ ಕಾಣುತ್ತವೆ, ಆದ್ದರಿಂದ ಎಷ್ಟು ದಿನ ಉಳಿಯುತ್ತವೆಂದು ಭರವಸೆ ಕೊಡಲಾರೆ.

ಡಾಗ್‌ವುಡ್‌ನ ಕೆಂಪು ಕಾಂಡ ಹೀಗೆ ಕೈಕೊಡುವುದಿಲ್ಲ. ಅದರ ಬಣ್ಣ ಎಳೆಯ ಕಡ್ಡಿಯಲ್ಲಿ ಮಾತ್ರ, ಮುದಿ ಕಡ್ಡಿ ಮಣ್ಣುಬಣ್ಣಕ್ಕೆ ತಿರುಗುತ್ತದೆ. ವಸಂತದ ಆರಂಭದಲ್ಲಿ ಹಳೆಯ ಕಡ್ಡಿಗಳಲ್ಲಿ ಮೂರನೇ ಒಂದು ಭಾಗವನ್ನು ಬುಡಕ್ಕೇ ಕತ್ತರಿಸುತ್ತಾ ಬಂದರೆ ಪೊದೆ ಸದಾ ಎಳೆಯದಾಗಿರುತ್ತದೆ. ಹಳದಿ ಕಾಂಡದ ‘ಫ್ಲಾವಿರೇಮಿಯ’ವನ್ನು ಕಡುಹಸಿರು ಸ್ಪ್ರೂಸ್ ಅಥವಾ ಗಿಡ್ಡ ಮ್ಯೂಗೋ ಪೈನ್‌ನ ಮುಂದೆ ನೆಟ್ಟು ನೋಡಿ. ಎಳೆಯ ಮರ, ಪೊದೆಗಳ ತೊಗಟೆಯನ್ನು ಹಿಮದಡಿಯಲ್ಲಿ ಸುರಂಗ ಮಾಡಿಕೊಂಡು ಓಡಾಡುವ ಇಲಿಜಾತಿಯ ವೋಲ್‌ಗಳು ಸುತ್ತಲೂ ಕಡಿದು ಕೊಲ್ಲುತ್ತವೆ. ಸಣ್ಣ ಕಣ್ಣಿನ ತಂತಿಬಲೆಯನ್ನು ಬುಡಕ್ಕೆ ಸುತ್ತಿ, ಕೆಳ ಅಂಚನ್ನು ಮಣ್ಣಿನೊಳಗೆ ಇಳಿಸಿ, ಮೇಲ್ಭಾಗ ಹಿಮದ ಮಟ್ಟಕ್ಕಿಂತ ಎತ್ತರವಿರುವಂತೆ ನೋಡಿಕೊಳ್ಳಿ.

ಪ್ರಶ್ನೆ: ವಸಂತ ಬಂದು ಎಲ್ಲವೂ ಚಿಗುರಿದರೂ ಎರಡು ಪೊದೆ ಮತ್ತು ಒಂದು ಗಟ್ಟಿ ದಾಸವಾಳ ಅಲುಗಾಡುತ್ತಿಲ್ಲ. ಕಿತ್ತುಹಾಕಿ ಬೇರೆ ನೆಡಲೇ?

ಉತ್ತರ: ಪೊದೆಯ ಕಡ್ಡಿಯನ್ನು ತುದಿಯ ಹತ್ತಿರ ಉಗುರಿನಿಂದ ತುಸುವೇ ಕೆರೆಯಿರಿ. ತೊಗಟೆಯ ಕೆಳಗೆ ಹಸಿರು, ತೇವ ಕಂಡರೆ ಜೀವವಿದೆ. ಕಂದು, ಒಣ ಕಂಡರೆ ಗೇಣು ಕೆಳಗಿಳಿದು ಮತ್ತೆ ಕೆರೆಯಿರಿ, ಹೀಗೆ ಹಸಿರು ಸಿಗುವವರೆಗೂ ಇಳಿಯಿರಿ. ಸಿಕ್ಕಿದ ಜಾಗದ ಕೆಳಗಿನ ಒಳ್ಳೆಯ ಮೊಗ್ಗಿನ ಮೇಲೆ ಕತ್ತರಿಸಿದರೆ ಸಾಕು. ಬುಡದವರೆಗೂ ಕಂದಾಗಿದ್ದರೂ ಬೇರಿನಿಂದ ಚಿಗುರುವ ಜಾತಿಯಾದರೆ ಬೇಸಿಗೆಯ ನಡುವಿನವರೆಗೆ ಅವಕಾಶ ಕೊಡಬಹುದು. ಈ ಪರೀಕ್ಷೆಯನ್ನು ಲೈಲ್ಯಾಕ್‌ನಲ್ಲಿ ಮಾಡುವಾಗ ಕತ್ತರಿ ಮಾತ್ರ ಕೈಯಲ್ಲಿರದಿರಲಿ. ಅದರ ಈ ವರ್ಷದ ಹೂವೆಲ್ಲ ಹಿಂದಿನ ಬೇಸಿಗೆಯಲ್ಲೇ ಕಟ್ಟಿದ ತುದಿಮೊಗ್ಗಿನಲ್ಲಿದೆ, ಸವರುವುದೇನಿದ್ದರೂ ಹೂ ಬಾಡಿದ ಕೂಡಲೇ.

ಈ ನಡುವೆ ರಾತ್ರಿ ಮತ್ತೆ ಹೆಪ್ಪುಗಟ್ಟುವ ಸೂಚನೆ ಬಂದರೆ, ಎಳೆ ಚಿಗುರುಗಳ ಮೇಲೆ ಸಂಜೆಯೇ ಹಳೆಯ ಬೆಡ್‌ಶೀಟನ್ನು ಅಂಚು ನೆಲಕ್ಕೆ ಮುಟ್ಟುವಂತೆ ಹೊದಿಸಿ, ನೆಲದಿಂದ ಏಳುವ ಕಾವು ಒಳಗೇ ಉಳಿಯುತ್ತದೆ. ಬೆಳಿಗ್ಗೆ ಬಿಸಿಲೇರುವ ಮುನ್ನ ತೆಗೆಯಿರಿ.

ಇನ್ನು ಗಟ್ಟಿ ದಾಸವಾಳ, ಎಂದರೆ ಹೈಬಿಸ್ಕಸ್ ಮೊಸ್ಕೂಟಸ್. ಅದು ಪ್ರತಿ ಚಳಿಗಾಲದಲ್ಲೂ ನೆಲಮಟ್ಟಕ್ಕೆ ಸಾಯುತ್ತದೆ, ಮಣ್ಣು ಚೆನ್ನಾಗಿ ಬೆಚ್ಚಗಾಗುವವರೆಗೆ ಮೇಲೇಳುವುದಿಲ್ಲ, ತೋಟದ ಬೇರೆಲ್ಲ ಗಿಡಗಳು ಎಲೆ ತುಂಬಿ ನಿಂತ ಮೇಲೆ ನಿಧಾನವಾಗಿ ಕಣ್ಣು ಬಿಡುತ್ತದೆ. ಬಲೂನು ಹೂವಿನ ಗಿಡವೂ ಇಂಥದೇ ಸೋಮಾರಿ. ಖಾಲಿ ಜಾಗವೆಂದು ಅಗೆಯಲು ಹೋಗಿ ಮಲಗಿರುವ ಬೇರನ್ನು ಎರಡು ತುಂಡು ಮಾಡಿದವರ ಪತ್ರಗಳು ಪ್ರತಿ ವರ್ಷವೂ ಬರುತ್ತವೆ. ಹಳೆಯ ಕಡ್ಡಿಯ ಮೋಟು ಇನ್ನೂ ಉಳಿದಿದ್ದರೆ ಅದನ್ನೇ ಗುರುತಿಗೆ ಬಿಡಿ, ಇಲ್ಲದಿದ್ದರೆ ಪಕ್ಕದಲ್ಲಿ ಒಂದು ಕೋಲು ಚುಚ್ಚಿ. ಇನ್ನೂ ನಾಲ್ಕು ವಾರ ಗುದ್ದಲಿಯನ್ನು ಆ ಕಡೆ ಒಯ್ಯಬೇಡಿ.